ಒಣ ಜಲ್ಲಿ ಕಂಡೂ ಸುಮ್ಮನಿದ್ದ ದಿನ

ಕೋಲ್ಕತ್ತಾದ ಸದರ್ನ್ ಅವೆನ್ಯೂ ಬಳಿ ಹಳೆ ಕಟ್ಟಡವೊಂದನ್ನು ಕೆಡವಿ ನಮ್ಮ ಇಲಾಖೆಯ ಕ್ವಾರ್ಟರ್ಸ್ ಕಟ್ಟುತ್ತಿದ್ದೆವು. ಕೆಡವಿದ ಕಾಂಕ್ರೀಟನ್ನು ಒಡೆಸಿ, ಹೊಸ ಕಂಬಗಳಿಗೆ ಐದರಲ್ಲೊಂದು ಪಾಲು ಜಲ್ಲಿಯಾಗಿ ಹಾಕೋಣ ಎಂದವನು ನನ್ನ ಜೂನಿಯರ್. ಮೈಸೂರಿನವನು. ಅಪ್ಪ ಇಂಜಿನಿಯರ್, ಅಜ್ಜನೂ ಇಂಜಿನಿಯರ್. ನಮ್ಮ ಮನೆತನದಲ್ಲಿ ಡಿಗ್ರಿ ಮುಖ ಕಂಡವನು ನಾನೊಬ್ಬನೇ. ಅದೂ ಗಣಿತದಲ್ಲಿ ಎರಡು ಸಲ ಬಿದ್ದು ಎದ್ದು. ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಿದ್ದರು. ಹನ್ನೆರಡು ವರ್ಷದಲ್ಲಿ ನನ್ನ ಹೆಗಲು ಅವರಿಗೆ ಕಂಡಿರಲಿಲ್ಲ.

ಸಾಹೇಬರಿಗೆ ಕಾಂಕ್ರೀಟು ಕಲಸಿ ತೋರಿಸುವ ಟ್ರಯಲ್ ದಿನ ಆ ಜಲ್ಲಿ ಬಿಸಿಲಲ್ಲಿ ಬೆಳ್ಳಗೆ ಒಣಗಿ ಬಿದ್ದಿತ್ತು. ಹಳೆ ಗಚ್ಚು ಅಂಟಿದ ಕಲ್ಲು ನೀರು ಕುಡಿಯುತ್ತದೆ, ಮೊದಲೇ ನೆನೆಸಿಡಬೇಕು. ಅವನು ಲೆಕ್ಕ ಹಾಕಿ ಹೆಚ್ಚಿನ ನೀರನ್ನು ನೇರ ಮಿಕ್ಸರಿಗೆ ಸುರಿಸುವವನಿದ್ದ. ನೆನೆಸಬೇಕೆನ್ನುವುದು ನನಗೆ ಪುಸ್ತಕಕ್ಕಿಂತ ಮುಂಚಿನಿಂದ ಗೊತ್ತು. ಹುಬ್ಬಳ್ಳಿಯಲ್ಲಿ ಅವ್ವ ಕಟ್ಟಡಗಳಲ್ಲಿ ಬುಟ್ಟಿ ಹೊರುತ್ತಿದ್ದಳು. ಇಟ್ಟಿಗೆ ಚೂರಿನ ರಾಶಿಗೆ ಸಂಜೆ ನೀರು ಹೊಡೆಯದೆ ಮನೆಗೆ ಬಂದವಳಲ್ಲ.

ನೋಡಿದೆ. ಸುಮ್ಮನಿದ್ದೆ.

ಒಣ ಜಲ್ಲಿ ನೀರನ್ನೆಲ್ಲ ಹೀರಿ, ಸಾಹೇಬರ ಎದುರೇ ಕಾಂಕ್ರೀಟು ಅಚ್ಚಿಗಿಳಿಯದೆ ಗಟ್ಟಿ ಉಪ್ಪಿಟ್ಟಿನ ಹಾಗೆ ನಿಂತಿತು. ಇನ್ನೊಂದೇ ಅವಕಾಶ ಎಂದು ಅವನಿಗೆ ಹೇಳಿ ಅವರು ಹೊರಟುಹೋದರು.

"ಏನ್ರಿ, ಮಾರಿ ಭಾಳ ಅರಳೇದ? ಪ್ರಮೋಶನ್ ಬಂತೇನ?" ಎಂದಳು ಹೆಂಡತಿ, ಸಂಜೆ ಮನೆಗೆ ಬಂದೊಡನೆ.

ಇದ್ದದ್ದು ಹೇಳಿದೆ. ನನಗೆಂದು ತಂದ ಚಹಾ ಅವಳ ಕೈಯಲ್ಲೇ ಉಳಿಯಿತು.

"ಅತ್ತಿ ಕಲಿಸಿದ್ದನ್ನ ಹಿಂಗ ಬಚ್ಚಿಡ್ತೀರೇನ? ಅವ ಬಿದ್ರ ನಿಮ್ಮ ಡಿಗ್ರಿ ಉದ್ದ ಆಗ್ತದೇನು?"

ಮರುದಿನ ಜೂನಿಯರನ್ನು ಕರೆದು, ಜಲ್ಲಿ ನೆನೆಸಿ, ಮೇಲಿನ ನೀರು ಆರಿದ ಮೇಲೆ ಹಾಕು ಎಂದೆ.

"ಎಲ್ಲಿ ಓದಿದ್ರಿ ಸರ್?"

"ಓದಿದ್ದಲ್ಲ. ನಮ್ಮವ್ವ ಬುಟ್ಟಿ ಹೊರುವಾಗ ಮಾಡ್ತಿದ್ಲು."

ಬಾಯಿ ತಪ್ಪಿ ಬಂತು. ಆಫೀಸಿನಲ್ಲಿ ಯಾರಾದರೂ ಕೇಳಿದರೆ ಅವ್ವ ಕಂಟ್ರಾಕ್ಟರ ಹತ್ತಿರ ಕೆಲಸದಲ್ಲಿದ್ದಳು ಎಂದಷ್ಟೇ ಹೇಳುತ್ತಿದ್ದವನು ನಾನು.

ಎರಡನೇ ಟ್ರಯಲ್ಲಿನ ಕಾಂಕ್ರೀಟ್ ಕ್ಯೂಬುಗಳು ಇಪ್ಪತ್ತೆಂಟು ದಿನಕ್ಕೆ ಬಲಪರೀಕ್ಷೆಯಲ್ಲಿ ಪಾಸಾದವು. ಪಾರ್ಕ್ ಸ್ಟ್ರೀಟಿನ ಹೋಟೆಲಿನಲ್ಲಿ ಇದರ ಬಗ್ಗೆ ಇಲಾಖೆಯ ಸಭೆ, ಅವನದೇ ಭಾಷಣ. ನನ್ನ ಹೆಸರು ಬರುವುದಿಲ್ಲ ಎಂದು ಮೊದಲೇ ಸಿಟ್ಟು ಕಟ್ಟಿಕೊಂಡು ಕೂತಿದ್ದೆ. ಅವನು ನನ್ನತ್ತ ಕೈ ತೋರಿಸಿ, ಇದನ್ನು ಕಲಿಸಿದ್ದು ಸರ್ ಅವರ ತಾಯಿ, ಅವರು ಬುಟ್ಟಿ ಹೊರುತ್ತಿದ್ದರು ಎಂದ. ಚಪ್ಪಾಳೆ ಬಿತ್ತು. ಸಾಹೇಬರೂ ತಿರುಗಿ ನೋಡಿದರು.

ಇಷ್ಟು ವರ್ಷ ನನ್ನ ಗಂಟಲಲ್ಲೇ ಉಳಿದ ಮಾತನ್ನು ಅವನು ತಲೆಯೆತ್ತಿ, ಸಲೀಸಾಗಿ ಹೇಳಿಬಿಟ್ಟಿದ್ದ. ನನ್ನವ್ವನ ಮಾತು. ಅದಕ್ಕೂ ನನ್ನ ಹೊಟ್ಟೆ ಉರಿಯಿತು.