ಮಂಕಿಯ ಮಂಗಳ ಗ್ರಹದಲ್ಲಿ ಕರೆಂಟು ಹೋದ ಹೊತ್ತು

ಸುದ್ದಿ ಸುಳ್ಳು ಅಲ್ಲವಾ ಅಂತ ಎಷ್ಟೋ ಜನ ಫೋನ್ ಮಾಡುತ್ತಿದ್ದೀರಿ...
ಸುಳ್ಳಾಗಿದ್ದರೆ ಸಾಕಿತ್ತು...
ಅವನನ್ನು ಹೊರಗೆ ಎಳೆದು ತಂದವನು ನಾನೇ. ಆದರೂ ನಂಬಲು ಆಗುತ್ತಿಲ್ಲ.

ಮಾವಿನಕುರ್ವೆಯ ನಮ್ಮ ಗಣಪತಿ ಹೋಗಿಬಿಟ್ಟ.
ಭಟ್ಕಳದಲ್ಲಿ ಇನ್ವರ್ಟರ್ ರಿಪೇರಿ ಮಾಡಿಕೊಂಡಿದ್ದ ಗಣಪತಿ...
ನಿಮ್ಮಲ್ಲಿ ಅರ್ಧ ಜನರ ಮನೆ ಬ್ಯಾಟರಿಗೆ ನೀರು ಹಾಕಿದವನು.

ಕುಮಟಾದಲ್ಲಿ ಆಸ್ಪತ್ರೆಯ ಹೊರಗೆ ಕೂತು ಬರೆಯುತ್ತಿದ್ದೇನೆ. ಪೋಸ್ಟ್‌ಮಾರ್ಟಮ್ ಇನ್ನೂ ಮುಗಿದಿಲ್ಲ.
ಏನೂ ಬರೆಯಬೇಡ ಅಂತ ಎರಡು ಸಲ ಫೋನ್ ಬಂದಿದೆ.
ಅಕ್ಷರ ತಪ್ಪಿದ್ದರೆ ಕ್ಷಮಿಸಿ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಮಂಕಿ ಊರಿನ ಗುಡ್ಡದ ಮೇಲೆ ಮೂರು ಕಬ್ಬಿಣದ ಕಂಟೇನರ್ ಜೋಡಿಸಿ 'ಮಂಗಳ ಗ್ರಹದ ಕಾಲೊನಿ' ಮಾಡಿದ್ದರು ನಮ್ಮನ್ನೆಲ್ಲ ಕೆಲಸಕ್ಕೆ ಇಟ್ಟುಕೊಂಡ ನಮ್ಮ ಸರ್.
ನಾಳೆ ಮನುಷ್ಯರು ಅಲ್ಲಿಗೆ ಹೋದರೆ ಹೇಗೆ ಬದುಕುತ್ತಾರೆ ಅನ್ನುವ ಪ್ರಯೋಗ.
ನಾಲ್ಕು ಜನ ಒಳಗೆ. ಹೊರಗೆ ಗೇರು ಮರದ ಕೆಳಗಿನ ಶೆಡ್ಡಿನಲ್ಲಿ ನಾನು. ನನ್ನ ಪೋಸ್ಟಿನ ಹೆಸರು 'ಭೂಮಿ'.

ಒಳಗಿನವರಿಗೆ ಮೊಬೈಲ್ ಇಲ್ಲ. ಲ್ಯಾಪ್‌ಟಾಪಿನಲ್ಲಿ ಮೆಸೇಜ್ ಮಾತ್ರ.
ಮಂಗಳದಿಂದ ಭೂಮಿಗೆ ಮಾತು ತಲುಪಲು ಹೊತ್ತು ಹಿಡಿಯುತ್ತದಂತೆ. ಅದಕ್ಕೆ ಒಳಗಿನಿಂದ ಕಳಿಸಿದ ಪ್ರತಿ ಮೆಸೇಜನ್ನೂ ಸಾಫ್ಟ್‌ವೇರ್ ಹನ್ನೆರಡು ನಿಮಿಷ ಹಿಡಿದಿಟ್ಟುಕೊಂಡು ಆಮೇಲೆ ತೋರಿಸುತ್ತಿತ್ತು.
ಮೆಸೇಜ್ ಕಾಣುವವರೆಗೆ 'ಭೂಮಿ'ಗೆ ಏನೂ ಗೊತ್ತಿಲ್ಲ ಅಂತಲೇ ಲೆಕ್ಕ. ಅದು ರೂಲು.

ಸೆಕೆ ತಾಳಲಾರದೆ ಮೂವರು ಬಿಟ್ಟು ಹೋದರು. ಗಣಪತಿ ಒಬ್ಬನೇ ಉಳಿದ.
ಇವನೂ ಹೋದರೆ ಕಾಲೊನಿ ಮುಚ್ಚಬೇಕು ಅಂತ ಸರ್ ಹೊರಗಡೆಯಿಂದ ಚಿಲಕ ಹಾಕಿಸಿದರು.
ಇವನಿಗೆ ಅದೂ ತಮಾಷೆ.
ಮಂಗಳ ಗ್ರಾಮ ಪಂಚಾಯತಿಗೆ ತಾನೇ ಅಧ್ಯಕ್ಷ, ತಾನೇ ಸದಸ್ಯ, ನೀರು ಬಿಡುವವನೂ ತಾನೇ ಅಂತ ಮೆಸೇಜ್ ಹಾಕಿದ್ದ.
ನಾನು ನಕ್ಕದ್ದು ಹನ್ನೆರಡು ನಿಮಿಷ ಬಿಟ್ಟು...

ಇವತ್ತು ಮಧ್ಯಾಹ್ನ ಎರಡಕ್ಕೆ ಕಾಲೊನಿಯ ಕರೆಂಟು ಹೋಯಿತು.
ಗುಡ್ಡದ ಕೆಳಗೆ ತೋಟ ಮಾಡಿಕೊಂಡಿರುವ ತಿಮ್ಮಪ್ಪಣ್ಣನ ಪಂಪು ಓಡುತ್ತಲೇ ಇತ್ತು, ಬಸಳೆಗೆ ನೀರು ಬೀಳುತ್ತಿತ್ತು.
ಗ್ರೂಪುಗಳಲ್ಲಿ ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದೀರಿ. ಊರಿಗೆಲ್ಲ ಇದ್ದ ಕರೆಂಟು ಅಲ್ಲಿ ಮಾತ್ರ ಹೇಗೆ ಹೋಯಿತು, ಯಾರೋ ಬೇಕಂತ ತೆಗೆದಿದ್ದಾರೆ ಅಂತ.
ಬೇಲಿ ಹಾಕಿ ದನದ ದಾರಿ ಮುಚ್ಚಿದ್ದಕ್ಕೆ, ನಿಮ್ಮ ಲೈಟು ಒಂದು ದಿನ ಆರಿಸುತ್ತೇನೆ ಅಂತ ತಿಮ್ಮಪ್ಪಣ್ಣ ಹಿಂದೆ ಕೂಗಾಡಿದ್ದು ನಿಜ.
ನಾಲ್ಕು ಗಂಟೆಗೆ ಪೊಲೀಸರು ಅವನನ್ನು ಸ್ಟೇಷನ್‌ಗೆ ಕರೆದುಕೊಂಡು ಹೋದರು.
ಅವನ ಫೋಟೋ ಹಾಕಿ ಕೊಲೆಗಾರ ಅಂತ ಬರೆದವರೂ ಇದ್ದಾರೆ.

ಅವನ ಹೆಂಡತಿ ನನ್ನ ಕೈ ಹಿಡಿದುಕೊಂಡು ನಿಂತಿದ್ದಳು.
"ಇವ್ರು ಬಸಳೆ ಸಾಲು ಬಿಟ್ಟು ಏಳ್ಲೇ ಇಲ್ಲ ತಮ್ಮಾ. ನಿಂಗೆ ಅಲ್ಲಿಂದ ಕಾಣ್ತಿತ್ತು ಅಲ್ದಾ? ಹೇಳು."

ಕಾಣುತ್ತಿತ್ತು. ಕೈ ಬಿಡಿಸಿಕೊಂಡು ಈಚೆ ಬಂದೆ...

ಗಣಪತಿ...
ಇನ್ನು ನಿನ್ನ ಹತ್ತಿರವೇ ಹೇಳುತ್ತೇನೆ. ಉಳಿದವರು ಓದಿಕೊಳ್ಳಲಿ.

ಸ್ವಿಚ್ ಬೋರ್ಡಿನ ಪೆಟ್ಟಿಗೆಗೆ ಎರಡು ಕೀ. ಒಂದು ಸರ್ ಹತ್ತಿರ, ಇನ್ನೊಂದು ನನ್ನ ಸೊಂಟದಲ್ಲಿ.
ಎರಡು ಗಂಟೆಗೆ ಸರಿಯಾಗಿ ಮೇನ್ ಇಳಿಸು, ಅರ್ಧ ಗಂಟೆ ಬಿಡು, ಅವನಿಗೆ ತಿಳಿಸಬೇಡ, ಒಬ್ಬನೇ ಹೇಗೆ ನಿಭಾಯಿಸುತ್ತಾನೆ ನೋಡೋಣ ಅಂತ ಸರ್ ಫೋನ್ ಮಾಡಿದ್ದರು.
ಮೇನ್ ಇಳಿದರೆ ಒಳಗಿನ ಆ ಬ್ಯಾಟರಿ ಲೋಡ್ ತಡೆಯುವುದಿಲ್ಲ ಅಂತ ನೀನು ಅವರಿಗೆ ನನ್ನೆದುರೇ ಹೇಳಿದ್ದೆ. ನನಗೆ ಗೊತ್ತಿತ್ತು.
ಆದರೂ ಇಳಿಸಿದೆ ಮಾರಾಯಾ... ನಾನೇ ಇಳಿಸಿದೆ.

ಆಮೇಲೆ ಒಳಗಿನಿಂದ ಬಡಿಯುವ ಸದ್ದು ಕೇಳಿತು.
ಏನೋ ಬಿಚ್ಚಿ ನೋಡುತ್ತಿದ್ದೀಯ ಅಂದುಕೊಂಡೆ.
ಸದ್ದು ಜೋರಾಯಿತು. ಎದ್ದು ನಿಂತೆ. ಮತ್ತೆ ಕೂತೆ.
ಮೆಸೇಜ್ ಬಂದಿಲ್ಲವಲ್ಲ...
ಇಪ್ಪತ್ತು ಹೆಜ್ಜೆ ದೂರದಲ್ಲಿ ನೀನು ಉಸಿರು ಕಟ್ಟಿ ಸಾಯುತ್ತಿದ್ದೆ. ನಾನು ನಿನ್ನ ಮೆಸೇಜು ಮಂಗಳ ಗ್ರಹದಿಂದ ಬರಲಿ ಅಂತ ಲ್ಯಾಪ್‌ಟಾಪ್ ನೋಡುತ್ತ ಕೂತಿದ್ದೆ.

ಕೊನೆಗೆ ಬಂತು.
"ಬ್ಯಾಟ್ರಿ ಹೊಗೆ ಬಿಡ್ತಾ ಉಂಟು. ಬಾಗ್ಲು ತೆಗಿ."
ಓಡಿ ಬಂದು ಚಿಲಕ ತೆಗೆದಾಗ ನೀನು ಬಾಗಿಲಿಗೇ ಒರಗಿಕೊಂಡಿದ್ದೆ. ನನ್ನ ಕಾಲ ಮೇಲೇ ಬಿದ್ದೆ.

ಆವಾಗಿನಿಂದ ಹೆದರಿಕೆ ಇಳಿಯುತ್ತಿಲ್ಲ.
ನಿನ್ನ ಹೆಸರು ಎಲ್ಲೂ ಬರುವುದಿಲ್ಲ, ಸುಮ್ಮನಿರು, ತಿಮ್ಮಪ್ಪನ ತಲೆಗೆ ಹೋದರೆ ಹೋಗಲಿ ಅಂತ ಸರ್ ಹೇಳಿದ್ದಾರೆ.
ಸುಮ್ಮನಿದ್ದುಬಿಡೋಣ ಅಂತ ನನಗೂ ಅನ್ನಿಸಿತು. ಸಂಜೆವರೆಗೆ ಹಾಗೇ ಇದ್ದೆ. ಹೆಂಡತಿಗೂ ಹೇಳಿಲ್ಲ, ಅವಳು ಇದನ್ನು ಇಲ್ಲೇ ಓದುತ್ತಾಳೆ.
ಜೈಲಿಗೆ ಹೆದರಿಕೆ. ನಿನ್ನ ಹೆತ್ತ ಆಯಿಯ ಮುಖ ನೋಡಲು ಅದಕ್ಕಿಂತ ಹೆದರಿಕೆ...

ತಿಮ್ಮಪ್ಪಣ್ಣನ ಫೋಟೋ ಹಾಕಿದವರು ದಯವಿಟ್ಟು ತೆಗೆಯಿರಿ. ಬೇಕಾದರೆ ನನ್ನದು ಹಾಕಿ.
ಇದನ್ನು ಪೋಸ್ಟ್ ಮಾಡಿ ನಾನು ಸ್ಟೇಷನ್‌ಗೆ ಹೋಗುತ್ತಿದ್ದೇನೆ. ಲ್ಯಾಪ್‌ಟಾಪ್ ಜೊತೆಗಿದೆ. ಅದರಲ್ಲಿರುವ ಮೆಸೇಜುಗಳನ್ನು ಅಳಿಸಲು ಸರ್ ಹೇಳಿದ್ದಾರೆ, ಅಳಿಸಿಲ್ಲ.

ಒಂದೇ ಒಂದು ಮಾತು ಉಳಿದಿದೆ ಗಣಪತಿ.
ನಿನ್ನನ್ನು ಮರದ ನೆರಳಿಗೆ ತಂದು ಮಲಗಿಸಿ, ಎದೆ ಒತ್ತಿ ಒತ್ತಿ, ಇನ್ನು ಆಗುವುದಿಲ್ಲ ಅಂತ ಗೊತ್ತಾದ ಮೇಲೂ ನೀನು ಒಳಗಿನಿಂದ ಮೊದಲೇ ಕಳಿಸಿದ್ದ ಮೆಸೇಜುಗಳು ಬರುತ್ತಲೇ ಇದ್ದವು.
ಒಂದು... ಇನ್ನೊಂದು...
ನೀನು ಪಕ್ಕದಲ್ಲೇ ಮಲಗಿದ್ದೆ.
ಬಾಗಿಲು ಇನ್ನೂ ಯಾಕೆ ತೆಗೆದಿಲ್ಲ ಅಂತ ಬೈದಿರುತ್ತೀಯ ಅಂದುಕೊಂಡು ಕೊನೆಯದನ್ನು ಓದಿದೆ.

"ನಿಂಗೆ ಹೊರಗೆ ಎಂತಾದ್ರೂ ಆತಾ? ಹುಶಾರು ಮಾರಾಯಾ."

ಹೋಗಿ ಬಾ ಗೆಳೆಯಾ...
ನೀನು ಹೋದ ಕಡೆ ಗಾಳಿ ಬೆಳಕು ಧಾರಾಳವಾಗಿರಲಿ. ನಿನ್ನ ಜೀವಕ್ಕೆ ಶಾಂತಿ ಸಿಗಲಿ.