ಜಾವಾ ಮುಗಿಯುವ ತನಕ ಮಿರ್ಚಿ ಇಲ್ಲ

ನಮಗೆ ಸಮಾಜ ಪಾಠ ಮಾಡುತ್ತಿದ್ದ ಅಕ್ಕೋರ ಕೊರಳಿನಲ್ಲಿ, ಲಿಂಗದ ಬೆಳ್ಳಿ ಕರಡಿಗೆಯ ದಾರಕ್ಕಿಂತ ತುಸು ಮೇಲೆ, ಬಿಳಿಚಿದ ಗಾಯದ ಗೆರೆಯೊಂದಿತ್ತು. ಸೆರಗಿನಿಂದ ಅದನ್ನು ಮುಚ್ಚಿಕೊಳ್ಳುತ್ತಿರಲಿಲ್ಲ. ಆ ಗೆರೆ ಮೂಡುವ ಮೊದಲು ಅವರ ದನಿ ರಾಯದುರ್ಗದ ನಮ್ಮ ಕನ್ನಡ ಶಾಲೆಯ ಗೇಟಿನವರೆಗೂ ಕೇಳುತ್ತಿತ್ತು. ಕಣೇಕಲ್ಲು ಬಸ್ಸಿಗೆ ಜನ ಕರೆಯುವ ಕಂಡಕ್ಟರಿಗೂ ಅಂಥ ಗಂಟಲಿಲ್ಲ ಎಂದು ನಾವು ಆಡಿಕೊಳ್ಳುತ್ತಿದ್ದೆವು.

ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಜಾವಾ ದ್ವೀಪಕ್ಕೆ ಸಿಕ್ಕಿದ್ದು ಒಂದೇ ವಾಕ್ಯ. ಅಕ್ಕೋರಿಗೆ ಅದು ಸಾಲಲಿಲ್ಲ. ಕಿಟಕಿಯಾಚೆಯ ಕೋಟೆಬೆಟ್ಟ ತೋರಿಸಿ, "ಇದನ್ನ ಕಟ್ಟಿದೋರೂ ಮೊದ್ಲು ಬರೇ ಕಲ್ಲಿನ ಮುಂದ ನಿಂತು, ಎಲ್ಲಿಂದ ಶುರು ಮಾಡಾಣ ಅಂದಿರ್ತಾರ. ಜಾವಾದಾಗ ವಿಜಯನೂ ಹಂಗ ನಿಂತಿದ್ದ ನೋಡ್ರಿ, ಕಾಡಿನ ಮುಂದ" ಎಂದರು.

ಮಾವನ ಸಿಂಘಸಾರಿ ರಾಜ್ಯವನ್ನು ಸಾಮಂತನೊಬ್ಬ ಕಿತ್ತುಕೊಂಡಾಗ ತಪ್ಪಿಸಿಕೊಂಡ ಅಳಿಯ ಈ ವಿಜಯ. ಗೆದ್ದವನಿಗೇ ಶರಣಾಗಿ ಒಂದು ತುಂಡು ಕಾಡು ಬೇಡಿ ಪಡೆದ. ಕಾಡು ಕಡಿಯುವವರು ಹಸಿದು ತಿಂದ ಬಿಲ್ವದ ಕಾಯಿ ಕಹಿಯಾಗಿತ್ತಂತೆ. ಊರಿಗೂ ಅದೇ ಹೆಸರಾಯಿತು, ಮಜಪಹಿತ, ಎಂದರೆ ಕಹಿಬಿಲ್ವ. ಅಷ್ಟರಲ್ಲಿ ಆ ಮಾವನ ಮೇಲೆ ಸೇಡು ತೀರಿಸಲು ಮಂಗೋಲರ ಹಡಗುಗಳು ಬಂದವು. ಅವರನ್ನು ಕೂಡಿಕೊಂಡು ಸಾಮಂತನನ್ನು ಮುಗಿಸಿದ ವಿಜಯ, ಆಮೇಲೆ ಅವರನ್ನೂ ಕಡಲಿಗೆ ಅಟ್ಟಿದ. ನಾವು ಶಿವನಿಗೆ ಪತ್ರೆ ಏರಿಸುವ ಮರದ ಹೆಸರಿನಲ್ಲಿ ಕಡಲಾಚೆ ಒಂದು ಸಾಮ್ರಾಜ್ಯ ಎದ್ದಿತ್ತು ಎಂದು ಕೇಳಿ ನನ್ನ ಮೈ ಜುಮ್ಮೆಂದಿತು.

ವಿಜಯನ ಮಗಳು ತ್ರಿಭುವನಾ ರಾಣಿಯಾದಳು. ಅವಳ ಮಂತ್ರಿ ಗಜಮದ, ಸುತ್ತಲ ದ್ವೀಪಗಳೆಲ್ಲ ಒಂದಾಗುವ ತನಕ ಮಸಾಲೆಯ ರುಚಿ ನೋಡುವುದಿಲ್ಲವೆಂದು ತುಂಬಿದ ಸಭೆಯಲ್ಲಿ ಆಣೆ ಮಾಡಿದ. ಅಷ್ಟಕ್ಕೆ ಗಂಟೆ ಹೊಡೆಯಿತು. "ಉಳಿದಿದ್ದು ನಾಳೆ" ಎಂದರು ಅಕ್ಕೋರು.

ರಾಯದುರ್ಗದ ಮಕ್ಕಳಿಗೆ ಮಸಾಲೆಯೆಂದರೆ ಮಿರ್ಚಿ, ಮೆಣಸಿನಕಾಯಿ ಬಜ್ಜಿ. ಗೇಟಿನ ಮುಂದಿನ ತಳ್ಳುಬಂಡಿಯ ಹತ್ತಿರ ನಾವೂ ಆಣೆ ಮಾಡಿದೆವು: ಅಕ್ಕೋರು ಜಾವಾ ಮುಗಿಸುವ ತನಕ ಮಿರ್ಚಿ ಮುಟ್ಟುವುದಿಲ್ಲ. ನಾಳೆಯ ತನಕ ತಾನೇ ಎಂಬ ಧೈರ್ಯ.

ಮರುದಿನ ಅವರು ಬರಲಿಲ್ಲ. ಗಂಟಲಲ್ಲಿ ಗಡ್ಡೆಯಂತೆ, ಬಳ್ಳಾರಿಯಲ್ಲಿ ಆಪರೇಷನ್ನಂತೆ, ದನಿ ಮರಳುವುದು ಅನುಮಾನವಂತೆ. ಮಿರ್ಚಿ ತಿಂದರೆ ಅಕ್ಕೋರ ದನಿ ಬರುವುದಿಲ್ಲ ಎಂದು ಮೊದಲು ಯಾರು ಹೇಳಿದರೋ ತಿಳಿಯದು, ಎಲ್ಲರೂ ನಂಬಿದೆವು. ನಾನಂತೂ ಮನೆಯ ಶೇಂಗಾ ಚಟ್ನಿಪುಡಿಯನ್ನೂ ಬಿಟ್ಟೆ.

"ಯಾಕ, ಯಾವ ದೇವ್ರಿಗೆ ಹರಕಿ ಹೊತ್ತೀಯ?" ಎಂದಳು ಅವ್ವ.

"ದೇವ್ರಿಗಲ್ಲವ್ವ, ಜಾವಾಕ್ಕ."

ಅವ್ವ ನನ್ನ ಹಣೆ ಮುಟ್ಟಿ ನೋಡಿದಳು.

ಬೇಸಿಗೆ ಹತ್ತಿರವಾದಾಗ ಅಕ್ಕೋರು ಬಂದರು. ದನಿಯಿರಲಿಲ್ಲ, ಬರೀ ಉಸಿರಿನಲ್ಲಿ ಮಾತು. ಬಾಗಿಲಲ್ಲೇ ಹೆಡ್ಮಾಸ್ತರು, "ಮೇಡಂ, ಪಾಠ ಬ್ಯಾಡ್ರಿ ಇನ್ನ. ಆಫೀಸಿನ ಕೆಲ್ಸ ನೋಡ್ಕೊಳ್ರಿ, ಮ್ಯಾಲಿನೋರಿಗೆ ನಾ ಬರಕೊಡ್ತೀನಿ" ಎಂದರು. ಕರುಣೆಯಿಂದಲೇ ಹೇಳಿದರು. ಅಕ್ಕೋರು "ಇದೊಂದು ಪಾಠ ಬಾಕಿ ಐತ್ರಿ" ಎಂದು ತುಟಿಯಲ್ಲೇ ಹೇಳಿ ಒಳಗೆ ಬಂದರು.

ಯಾರೋ ಎದ್ದು ಫ್ಯಾನ್ ಆರಿಸಿದರು. ಇನ್ಯಾರೋ ಕಿಟಕಿ ಮುಚ್ಚಿದರು. ಬೆಂಚುಗಳನ್ನು ಸದ್ದಾಗದಂತೆ ಎತ್ತಿ ಅವರ ಸುತ್ತ ಇಟ್ಟೆವು. ಬೆವರು ಸುರಿಸುತ್ತ, ಉಸಿರು ಬಿಗಿಹಿಡಿದು ಕೇಳಿದೆವು. ದ್ವೀಪದ ಮೇಲೆ ದ್ವೀಪ ಮಜಪಹಿತಕ್ಕೆ ತಲೆಬಾಗಿದ್ದು, ರೇವುಗಳಲ್ಲಿ ಹಡಗು ತುಂಬಿದ್ದು, ಕೊನೆಗೆ ಪಕ್ಕದ ಸುಂದಾ ರಾಜ್ಯದ ರಾಜ ತನ್ನ ಮಗಳನ್ನು ಮಜಪಹಿತದ ರಾಜನಿಗೆ ಧಾರೆಯೆರೆಯಲು ಕರೆತಂದಾಗ, ಗಜಮದ ಅವಳನ್ನು ಕಪ್ಪವೆಂದು ಒಪ್ಪಿಸಿರೆಂದದ್ದು. ಕಾಳಗವಾಗಿ ಆ ರಾಜನೂ ಸತ್ತ, ಹುಡುಗಿಯೂ ಪ್ರಾಣ ಬಿಟ್ಟಳಂತೆ.

"ಆಣಿ ದೊಡ್ಡದೇ ಇತ್ತು. ಮದುವಿಗೆ ಬಂದ ಕೂಸನ್ನ ಕಪ್ಪ ಅಂದ ನೋಡ್ರಿ, ಅವತ್ತು ಸಣ್ಣದಾತು" ಎಂದರು. ಅಷ್ಟು ದೊಡ್ಡ ರಾಜ್ಯ ಅಷ್ಟು ಸಣ್ಣ ಉಸಿರಿನೊಳಗೆ ಎದ್ದು ನಿಂತಿದ್ದನ್ನು ನಾನು ಕಂಡೆ. ಅಂಥ ಬೆರಗು ಇವತ್ತಿಗೂ ಇನ್ನೊಂದು ಆಗಿಲ್ಲ.

ಹೊರಗೆ ನಿಂತ ಹೆಡ್ಮಾಸ್ತರಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ. ಯಾವಾಗಲೋ ಒಳಗೆ ಬಂದು ಹುಡುಗರ ನಡುವೆ ಕೂತಿದ್ದರು. ಆಫೀಸಿನ ಮಾತನ್ನು ಮತ್ತೆ ಎತ್ತಲಿಲ್ಲ.

"ಮುಗೀತು. ಹೋಗ್ರಿ, ಮಿರ್ಚಿ ತಿನ್ರಿ" ಎಂದರು ಅಕ್ಕೋರು. ನಮ್ಮ ಆಣೆಯ ಸುದ್ದಿ ಅವರಿಗೆ ಬಳ್ಳಾರಿಯ ಆಸ್ಪತ್ರೆಯಲ್ಲೇ ಮುಟ್ಟಿತ್ತಂತೆ. ತಳ್ಳುಬಂಡಿಯ ತನಕ ನಮ್ಮ ಜೊತೆ ಬಂದು, ನಾವು ಬಾಯಿ ಸುಟ್ಟುಕೊಂಡು ತಿನ್ನುವುದನ್ನು ನೋಡುತ್ತ ನಿಂತರು. ಅವರಿಗೆ ಡಾಕ್ಟರು ಖಾರವನ್ನು ಬದುಕಿರುವ ತನಕ ಬಿಡಿಸಿದ್ದರು.

ನಿವೃತ್ತಿಯವರೆಗೂ ಅವರು ಹಾಗೆಯೇ ಪಾಠ ಮಾಡಿದರು. ಹೋದ ವರ್ಷ ತೀರಿಕೊಂಡರು. ನಾನು ಈಗ ಮಡಕಶಿರಾದಲ್ಲಿ ಸಮಾಜ ಪಾಠ ಮಾಡುತ್ತೇನೆ. ಜಾವಾದ ಆ ಒಂದು ವಾಕ್ಯ ಬಂದ ದಿನ ಎದ್ದು ಫ್ಯಾನ್ ಆರಿಸುತ್ತೇನೆ.

"ಸೆಕೆ ಆಗ್ತೈತೆ ಮೇಡಂ, ಯಾಕೆ ಆಫ್ ಮಾಡುದ್ರಿ?" ಎಂದು ಮಕ್ಕಳು ಗೊಣಗುತ್ತಾರೆ.

ನನ್ನ ಗಂಟಲಿಗೆ ಏನೂ ಆಗಿಲ್ಲ. ಆದರೂ ಆ ಪಾಠವನ್ನು ನಾನು ಉಸಿರಿನಲ್ಲೇ ಹೇಳುತ್ತೇನೆ. ಸ್ವಲ್ಪ ಹೊತ್ತಿಗೆ ಬೆಂಚುಗಳು ಹತ್ತಿರ ಬರುತ್ತವೆ.