ಬೀಜಿಯ ಅಮ್ಮನ ರೇಶ್ಮೆ ಲಾಡಿ

ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದರೆ ಸಾಕು, ವಿಕ್ರೋಳಿಯ ಈ ಏಳನೇ ಮಾಳಿಗೆಯಿಂದ ನಾನು ನೇರ ಆಂಟಾಪ್ ಹಿಲ್‌ನ ನಮ್ಮ ಒಂದೇ ಕೋಣೆಯ ಮನೆಗೆ ಹೋಗಿ ಬೀಳುತ್ತೇನೆ. ಆ ಬಿಲ್ಡಿಂಗ್ ಈಗಿಲ್ಲ. ಅಪ್ಪ ದಾದರಿನ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರು. ಅಪ್ಪ, ಅಮ್ಮ, ನಾನು, ಎಲ್ಲರನ್ನೂ ಆಳುತ್ತಿದ್ದವರು ಅಪ್ಪನ ಅಕ್ಕ, ನನ್ನ ಅತ್ತೆ. ಎದುರುಮನೆಯ ಪಂಜಾಬಿ ಅಜ್ಜಿಯನ್ನು ನಾವು ಬೀಜಿ ಎನ್ನುತ್ತಿದ್ದೆವು. ಒಂದು ಮಧ್ಯಾಹ್ನ ಬೀಜಿ ತಮ್ಮ ಟ್ರಂಕಿನ ನುಸಿಗುಳಿಗೆಗಳ ನಡುವಿನಿಂದ ಕೆಂಪು ರೇಶ್ಮೆಯ ಲಾಡಿಯೊಂದನ್ನು ತಂದರು. ಮದುಮಗಳ ಸಲ್ವಾರಿಗೆಂದು ಅವರ ಅಮ್ಮ ಹೆಣೆದದ್ದು. ಲಾಡಿ ಎನ್ನುವುದು ಹೆಸರಿಗಷ್ಟೇ. ಬೆಳಕಿಗೆ ಹಿಡಿದರೆ ಹೂವು, ಎಲೆ, ಪುಟ್ಟ ಪುಟ್ಟ ಕಿಟಕಿಗಳು, ಅಪ್ಪಟ ಲೇಸ್ ಕೆಲಸ! ಇಬ್ಬರು ಮೊಮ್ಮಗಳಂದಿರಿಗೆ ಒಂದೇ ದಿನ ಮದುವೆ, ಲಾಡಿ ಮಾತ್ರ ಒಂದು. ಇಂಥದ್ದೇ ಇನ್ನೊಂದು ಆಗಬೇಕಿತ್ತು. ಆ ಹೆಣಿಗೆ ಬಲ್ಲವರು ಯಾರೂ ಉಳಿದಿರಲಿಲ್ಲ.

ಸಾದಾ ಲಾಡಿಯನ್ನು ಬೀಜಿಯೇ ಅತ್ತೆಗೆ ಕಲಿಸಿದ್ದರು. ಮಂಚವನ್ನು ಮಗುಚಿ, ಎರಡು ಕಾಲುಗಳ ನಡುವೆ ನೂಲು ಬಿಗಿದು, ಪಕ್ಕಪಕ್ಕದ ಎಳೆಗಳನ್ನು ಬೆರಳಲ್ಲೇ ಹೊರಳಿಸಿ, ಊರಿನಿಂದ ಬಂದ ಹಿಡಿಸೂಡಿ ಪೊರಕೆಯ ಕಡ್ಡಿ ತೂರಿಸುವುದು. ಈ ತುದಿಯಲ್ಲಿ ಒಂದು ಸಾಲು ಹೆಣೆದರೆ ಆ ತುದಿಯಲ್ಲೂ ಅದೇ ಸಾಲು ತಾನಾಗಿ ಮೂಡುತ್ತಿತ್ತು. ಎರಡೂ ನಡುವೆ ಸೇರಿದಾಗ ಒಂದು ದಾರ ಕಟ್ಟಬೇಕು. ಅದನ್ನು ಎಳೆದರೆ ಕಥೆ ಮುಗಿಯಿತು, ಬರೀ ನೂಲು.

ಅತ್ತೆ ಎಂಟು ದಿನ ನೋಡಿ ಸೋತರು. "ಬಿಚ್ಚದೆ ಇದು ಗೊತ್ತಾಗುವುದಿಲ್ಲ ಬೀಜಿ," ಎಂದು ತಮ್ಮ ಮುರುಕು ಹಿಂದಿಯಲ್ಲಿ ಹೇಳಿದರು. ಅಮ್ಮನದೆಂದು ಬೀಜಿಯ ಹತ್ತಿರ ಇದ್ದದ್ದು ಅದೊಂದೇ. ಅವರು ತುಂಬ ಹೊತ್ತು ಲಾಡಿಯನ್ನು ಸವರಿದರು. ಆಮೇಲೆ "ಖೋಲ್ ದೇ, ಬೇಟಿ," ಬಿಚ್ಚಿಬಿಡು ಮಗಳೇ, ಎಂದು ಮುಖ ತಿರುಗಿಸಿಕೊಂಡರು.

ಅತ್ತೆ ನಡುವಿನ ದಾರ ಎಳೆದು ಒಂದೊಂದೇ ಸಾಲು ಬಿಚ್ಚುತ್ತ ಹೇಳಿದ್ದನ್ನು ನಾನು ಗಣಿತದ ಪುಸ್ತಕದ ಚೌಕಗಳಲ್ಲಿ ಚುಕ್ಕೆ ಇಟ್ಟು ಬರೆದುಕೊಂಡೆ. ಒಂಬತ್ತು ವರ್ಷದ ನನಗೆ ಎಂಥ ಜಂಬ! ಅದೇ ನೂಲನ್ನು ಮತ್ತೆ ಹೆಣೆಯುವಾಗ ಮೊದಲ ಪುಟದಿಂದ ಗಟ್ಟಿಯಾಗಿ ಓದಿದ್ದೂ ನಾನೇ. ಮೂರು ದಿನದ ಮೇಲೆ ಮೂಡಿದ್ದು ಹರಿದ ಸೊಳ್ಳೆಪರದೆ. ಬೀಜಿ ಚಹಾ ಮುಟ್ಟದೆ ಎದ್ದುಹೋದರು. ನನಗೆ ಬಿಕ್ಕಿ ಬಿಕ್ಕಿ ಅಳು ಬಂತು.

ಅತ್ತೆ ಪುಸ್ತಕವನ್ನೇ ನೋಡುತ್ತ ಕೂತವರು ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡು ನಗತೊಡಗಿದರು. "ಅಯ್ಯೋ ಮಾರಾಯ್ತಿ, ನಾವು ಬಿಚ್ಚಿದ್ದು ನಡುವಿನಿಂದ, ಹೆಣೆಯುವುದು ತುದಿಯಿಂದ ಅಲ್ವಾ? ಕಡೇ ಪುಟದಿಂದ ಓದು!"

ಓದಿದೆ. ಹೂವು ಬಂತು, ಎಲೆ ಬಂತು, ಕಿಟಕಿಗಳು ತೆರೆದವು. ನಾನು ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಸೂರು ಬಡಿದರು. ಹೊಸ ರೇಶ್ಮೆಯಲ್ಲಿ ಇನ್ನೊಂದೂ ಆಯಿತು. ಬೀಜಿ ಕಣ್ಣು ಮುಚ್ಚಿ ಎರಡನ್ನೂ ಬೆರಳಲ್ಲಿ ಸವರಿ, "ದೋನೋ ಮೇರೀ ಮಾ ಕೇ ಹಾಥ್ ಕೇ," ಎರಡೂ ನನ್ನ ಅಮ್ಮನ ಕೈಯವೇ, ಎಂದು ಅತ್ತೆಯ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು. "ಬಿಡಿ ಬೀಜಿ, ಬೆಳ್ಳುಳ್ಳಿ ವಾಸನೆ ಉಂಟು," ಎಂದು ಅತ್ತೆ ನಾಚಿ ಕೆಂಪಾದರು.

ಬೀಜಿ ತೀರಿಹೋದರು, ಆಮೇಲೆ ಅತ್ತೆಯೂ. ಆ ಹೆಣಿಗೆ ನನ್ನ ಬೆರಳಲ್ಲಿದೆ; ಭಾನುವಾರ ಸೊಸೆ ಪಕ್ಕದಲ್ಲಿ ಕೂತು ಕಲಿಯುತ್ತಾಳೆ, ತಪ್ಪಿದರೆ ಇಬ್ಬರೂ ನಗುತ್ತೇವೆ. ಆದರೆ ಅಷ್ಟು ವರ್ಷ ಜೊತೆಗಿದ್ದೂ, ಅತ್ತೆಯ ಆ ಕೈಗಳನ್ನು ಒಮ್ಮೆಯೂ ನಾನು ಬೀಜಿಯ ಹಾಗೆ ಹಿಡಿಯಲಿಲ್ಲ.